‘ಆತನು’ ಎಲ್ಲಿಂದ ಬಂದನು? ಹೀಬ್ರೂ ಪ್ರವಾದನೆಗಳ ಕ್ರೈಸ್ತ ಓದು ಮತ್ತು ಕನ್ನಡ ವ್ಯಾಕರಣದ ಆಯ್ಕೆಗಳು

ಸಾರಾಂಶ

ಹೀಬ್ರೂ ಧರ್ಮಗ್ರಂಥದ ಕೆಲವು ಭಾಗಗಳನ್ನು ಕ್ರೈಸ್ತ ಪರಂಪರೆಯು ಯೇಸುವನ್ನು ಕುರಿತ ಮೆಸ್ಸೀಯ ಪ್ರವಾದನೆಗಳೆಂದು ಓದುತ್ತ ಬಂದಿದೆ. ಈ ಓದು ಕನ್ನಡಕ್ಕೆ ಇಳಿಯುವಾಗ ಪದಗಳ ಆಯ್ಕೆಯಲ್ಲಿ ಮಾತ್ರವಲ್ಲ, ಸರ್ವನಾಮ, ಲಿಂಗ, ಕಾಲ ಮತ್ತು ನಿರ್ದಿಷ್ಟತೆಯ ಆಯ್ಕೆಗಳಲ್ಲಿಯೂ ನೆಲೆಗೊಳ್ಳುತ್ತದೆ ಎಂಬುದು ಪ್ರಸ್ತುತ ಲೇಖನದ ವಾದ. ಯೆಶಾಯ 7:14, 9:6, 53ನೆಯ ಅಧ್ಯಾಯ ಹಾಗೂ ಆದಿಕಾಂಡ 3:15 ಇವುಗಳನ್ನು ಮುಂದಿಟ್ಟುಕೊಂಡು, ಮೂಲದಲ್ಲಿ ತೆರೆದಿರುವ ಅರ್ಥವನ್ನು ಕನ್ನಡದ ವ್ಯಾಕರಣವು ಎಲ್ಲಿ ಅನಿವಾರ್ಯವಾಗಿ ಮುಚ್ಚುತ್ತದೆ, ಎಲ್ಲಿ ಮುಚ್ಚಬೇಕಾದ ಅಗತ್ಯವೇ ಇರಲಿಲ್ಲ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಪ್ರಮುಖ ಪದಗಳು: ಬೈಬಲ್ ಅನುವಾದ, ಗೌರವಸೂಚಕ ಸರ್ವನಾಮ, ಕ್ರಿಯಾರಹಿತ ವಾಕ್ಯ, ಲಿಂಗಾನ್ವಯ, ಮೆಸ್ಸೀಯ, ಪ್ರವಾದನೆ

1. ಪ್ರಶ್ನೆಯ ಹಿನ್ನೆಲೆ

ಭದ್ರಾ ನದಿಯ ದಡದ ಬಾಳೆಹೊನ್ನೂರು ಹೆಚ್ಚಿನ ಕನ್ನಡಿಗರಿಗೆ ರಂಭಾಪುರಿ ಪೀಠದ ಊರು. ಕಾಫಿ ಬೆಳೆಗಾರರಿಗೆ ಅದು 1925ರಿಂದ ನಡೆದುಬಂದಿರುವ ಕಾಫಿ ಸಂಶೋಧನ ಕೇಂದ್ರದ ಊರು. ಇತ್ತ ಕೊಪ್ಪ, ಅತ್ತ ನರಸಿಂಹರಾಜಪುರ, ಇನ್ನೊಂದು ದಿಕ್ಕಿಗೆ ಶೃಂಗೇರಿ. ಈ ನಡುವಿನ ತೋಟಗಳ ಸೀಮೆಯಲ್ಲಿ ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಮಾತಿನ ಕ್ರೈಸ್ತರೂ ಕೇರಳದಿಂದ ಬಂದು ನೆಲೆಸಿದ ಮಲಯಾಳಂ ಮಾತಿನ ಕ್ರೈಸ್ತರೂ ಕನ್ನಡವನ್ನೇ ಮನೆಮಾತಾಗಿಸಿಕೊಂಡ ಕ್ರೈಸ್ತರೂ ಒಟ್ಟಿಗೆ ಬಾಳುತ್ತಿದ್ದಾರೆ. 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯವೂ 2007ರಲ್ಲಿ ಸ್ಥಾಪನೆಯಾದ ಸಿರೋ ಮಲಬಾರ್ ಪರಂಪರೆಯ ಭದ್ರಾವತಿ ಧರ್ಮಪ್ರಾಂತ್ಯವೂ ಇದೇ ನೆಲವನ್ನು ಎರಡು ಆರಾಧನಾ ವಿಧಿಗಳಲ್ಲಿ ಹಂಚಿಕೊಂಡಿವೆ. ಹೀಗಾಗಿ ಯೇಸುವಿನ ತಾಯಿಯನ್ನು ಒಂದೇ ಮನೆಯ ಅಜ್ಜಿ ಕೊಂಕಣಿಯಲ್ಲಿ ‘ಆಂಕ್ವಾರ್ ಮರಿ’ ಎಂದೂ ಸೊಸೆ ಮಲಯಾಳಂನಲ್ಲಿ ‘ಕನ್ಯಕಾಮರಿಯಂ’ ಎಂದೂ ಮೊಮ್ಮಗಳು ಕನ್ನಡದಲ್ಲಿ ‘ಕನ್ಯಾಮರಿಯಮ್ಮ’ ಎಂದೂ ಕರೆಯುವುದು ಇಲ್ಲಿ ಅಪರೂಪವಲ್ಲ.

ಈ ಸೀಮೆಯಿಂದ ಬಂದ ವಿದ್ಯಾರ್ಥಿಯೊಬ್ಬಳು ಭಾಷಾಂತರದ ತರಗತಿಯಲ್ಲಿ ಎತ್ತಿದ ಪ್ರಶ್ನೆಯೇ ಈ ಲೇಖನದ ಮೂಲ. ಹೀಬ್ರೂವಿನಲ್ಲಿ ಪ್ರಥಮ ಪುರುಷ ಪುಲ್ಲಿಂಗ ಏಕವಚನಕ್ಕೆ ಇರುವುದು ‘ಹೂ’ ಎಂಬ ಒಂದೇ ಸರ್ವನಾಮ. ಕನ್ನಡದಲ್ಲಿ ‘ಅವನು’, ‘ಆತನು’, ‘ಅವರು’ ಎಂಬ ಮೂರು ಮೆಟ್ಟಿಲುಗಳಿವೆ. ಹಾಗಿದ್ದರೆ ಮೂಲದಲ್ಲಿಲ್ಲದ ‘ಆತನು’ ಕನ್ನಡಕ್ಕೆ ಎಲ್ಲಿಂದ ಬಂದನು? ಪ್ರಶ್ನೆ ಸಣ್ಣದಾಗಿ ಕಂಡಿತು. ಉತ್ತರ ಹುಡುಕಲು ಹೊರಟಾಗ, ಪ್ರವಾದನೆಯ ಕ್ರೈಸ್ತ ಓದು ಕನ್ನಡದಲ್ಲಿ ಹೇಗೆ ಕಟ್ಟಿಕೊಂಡಿದೆ ಎಂಬ ಇಡೀ ವಿಷಯವೇ ಅದರೊಳಗೆ ಅಡಗಿತ್ತು.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ಯೇಸು ಮೆಸ್ಸೀಯನೋ ಅಲ್ಲವೋ ಎಂಬುದನ್ನು ವ್ಯಾಕರಣ ತೀರ್ಮಾನಿಸಲಾರದು. ಆ ತೀರ್ಮಾನ ಇಲ್ಲಿನ ಉದ್ದೇಶವೂ ಅಲ್ಲ. ಒಂದು ವಾಕ್ಯ ಎಷ್ಟು ಅರ್ಥಗಳಿಗೆ ಎಡೆಗೊಡುತ್ತದೆ, ಅನುವಾದದಲ್ಲಿ ಅವುಗಳ ಪೈಕಿ ಎಷ್ಟು ಉಳಿದವು ಎಂಬುದನ್ನು ಹೇಳುವುದಷ್ಟೇ ಭಾಷಾವಿಜ್ಞಾನದ ಕೆಲಸ.

2. ‘ಪ್ರವಾದನೆ’ ಎಂಬ ಪದವೇ ತರುವ ನಿರೀಕ್ಷೆ

ಹೀಬ್ರೂವಿನ ‘ನಬೀ’ ಎಂಬುದಕ್ಕೆ ಕನ್ನಡ ಕ್ರೈಸ್ತ ಸಾಹಿತ್ಯದಲ್ಲಿ ನೆಲೆನಿಂತ ಪದ ‘ಪ್ರವಾದಿ’. ಸಂಸ್ಕೃತದ ‘ಪ್ರವಾದ’ಕ್ಕೆ ಮಾತು, ನುಡಿ, ಜನರಾಡುವ ಸುದ್ದಿ ಎಂಬ ಅರ್ಥಗಳಿವೆ, ಭವಿಷ್ಯ ಹೇಳುವುದು ಎಂಬ ಅರ್ಥ ಅದರ ಧಾತುವಿನಲ್ಲಿಲ್ಲ. ‘ಎದುರಿಗೆ ನಿಂತು ನುಡಿಯುವವನು’ ಎಂಬ ಗ್ರೀಕ್ ‘ಪ್ರೊಫೇತೇಸ್’ನ ಭಾವಕ್ಕೆ ಅದು ಹತ್ತಿರ. ಯೆಹೂದ್ಯರ ಗ್ರಂಥವಿಂಗಡಣೆಯಲ್ಲಿ ಯೆಹೋಶುವನಿಂದ ಅರಸುಗಳವರೆಗಿನ ಚರಿತ್ರೆಯೂ ‘ಪೂರ್ವ ಪ್ರವಾದಿಗಳು’ ಎಂಬ ಭಾಗಕ್ಕೆ ಸೇರುತ್ತದೆ ಎಂಬುದನ್ನು ನೆನೆದರೆ, ಪ್ರವಾದನೆಯೆಂದರೆ ಮೊದಲಿಗೆ ವರ್ತಮಾನದ ಅರಸನಿಗೂ ಜನಕ್ಕೂ ದೇವರ ಹೆಸರಿನಲ್ಲಿ ಹೇಳಿದ ಎಚ್ಚರಿಕೆಯ ಮಾತು ಎಂಬುದು ತಿಳಿಯುತ್ತದೆ.

ಆದರೆ ಪದಗಳು ಧಾತುವಿನಲ್ಲಿ ಬದುಕುವುದಿಲ್ಲ, ಕೇಳುವವರ ಕಿವಿಯಲ್ಲಿ ಬದುಕುತ್ತವೆ. ಕನ್ನಡದ ಕಿವಿಗೆ ಇಂಥ ನುಡಿಯ ಎರಡು ಬಲವಾದ ಮಾದರಿಗಳು ಮೊದಲೇ ಪರಿಚಿತ. ಒಂದು, ವೀರಶೈವ ಪರಂಪರೆಯ ಕಾಲಜ್ಞಾನ. ಕೊಡೇಕಲ್ಲ ಬಸವಣ್ಣನಂಥವರ ಹೆಸರಿನಲ್ಲಿ ಉಳಿದುಬಂದಿರುವ ಈ ನುಡಿಗಳಲ್ಲಿ ಮುಂಬರುವ ಕೇಡುಗಳೂ ಕೊನೆಗೆ ಬರಲಿರುವ ವೀರವಸಂತರಾಯನೆಂಬ ಅರಸನ ನಿರೀಕ್ಷೆಯೂ ಇವೆ. ಇನ್ನೊಂದು, ಮೈಲಾರದ ಕಾರಣಿಕ. ಗೊರವಯ್ಯನು ಬಿಲ್ಲನ್ನೇರಿ ಆಡುವ ಒಂದೇ ಸಾಲಿನ ಒಗಟಿನಂಥ ನುಡಿಯನ್ನು ಮಳೆ, ಬೆಳೆ, ರಾಜಕಾರಣಗಳಿಗೆ ಅನ್ವಯಿಸಿ ವರ್ಷವಿಡೀ ಅರ್ಥೈಸುತ್ತಾರೆ.

ಈ ಎರಡು ಮಾದರಿಗಳ ವ್ಯತ್ಯಾಸ ಗಮನಾರ್ಹ. ಕಾಲಜ್ಞಾನವು ಮುಂದಾಗುವುದನ್ನು ಪಟ್ಟಿಯಂತೆ ಹೇಳುತ್ತದೆ. ಕಾರಣಿಕದ ಅರ್ಥವು ಘಟನೆ ನಡೆದ ಮೇಲೆಯೇ ಪೂರ್ಣವಾಗುತ್ತದೆ. ಹೀಬ್ರೂ ಪ್ರವಾದನೆಗಳನ್ನು ಕ್ರೈಸ್ತ ಪರಂಪರೆ ಓದಿದ ಬಗೆಯಲ್ಲಿ ಇವೆರಡರ ಛಾಯೆಯೂ ಇದೆ. ಹೋಶೇಯ 11:1ರಲ್ಲಿ ಐಗುಪ್ತದಿಂದ ಕರೆಸಿಕೊಂಡ ಮಗನೆಂದರೆ ಇಸ್ರಾಯೇಲ್ ಜನಾಂಗ. ಅದು ಆಗಿಹೋದ ಸಂಗತಿಯ ಸ್ಮರಣೆ, ಭವಿಷ್ಯವಲ್ಲ. ಆದರೂ ಮತ್ತಾಯ 2:15ರಲ್ಲಿ ಅದೇ ಮಾತು ಶಿಶುವಾದ ಯೇಸುವಿನಲ್ಲಿ ನೆರವೇರಿತೆಂದು ಹೇಳಲಾಗಿದೆ. ಮತ್ತಾಯನಿಗೆ ಹೋಶೇಯನ ಸಂದರ್ಭ ತಿಳಿದಿರಲಿಲ್ಲ ಎನ್ನುವುದು ಅವಸರದ ಟೀಕೆ. ಇಸ್ರಾಯೇಲಿನ ಚರಿತ್ರೆಯ ಆಕಾರವೇ ಯೇಸುವಿನ ಬದುಕಿನಲ್ಲಿ ಮರಳಿ ಮೂಡಿತು ಎಂಬುದು ಅವನ ಓದು. ಅಲ್ಲಿನ ಗ್ರೀಕ್ ಕ್ರಿಯಾಪದದ ಮೂಲಾರ್ಥ ‘ತುಂಬು’. ಕನ್ನಡದ ‘ನೆರವೇರು’ ಎಂಬುದಾದರೋ ಕೊಟ್ಟ ಮಾತು, ಹೊತ್ತ ಹರಕೆ, ಹಾಕಿಕೊಂಡ ಯೋಜನೆ ಇವುಗಳಿಗೆ ಸಲ್ಲುವ ಕ್ರಿಯಾಪದ. ‘ತುಂಬಿಬಂತು’ ಎಂದಾಗ ಹಳೆಯ ಪಾತ್ರೆ ಹಾಗೆಯೇ ಉಳಿದು ಅದರೊಳಗೆ ಹೊಸದು ಬಂದಂತೆ ಕೇಳಿಸುತ್ತದೆ; ‘ನೆರವೇರಿತು’ ಎಂದಾಗ ಹಳೆಯ ಮಾತಿನ ಲೆಕ್ಕ ಚುಕ್ತಾ ಆದಂತೆ ಕೇಳಿಸುತ್ತದೆ. ಒಂದು ಕ್ರಿಯಾಪದದ ಆಯ್ಕೆಯಿಂದ ಓದು ಕಾರಣಿಕದ ಬದಿಯಿಂದ ಕಾಲಜ್ಞಾನದ ಬದಿಗೆ ವಾಲುತ್ತದೆ.

3. ಕನ್ಯೆ: ವಿವಾದವು ತಪ್ಪಾದ ಕಡೆ ನಿಂತಿದೆ

ಯೆಶಾಯ 7:14ರ ಹೀಬ್ರೂ ಪದ ‘ಅಲ್ಮಾ’. ಅದು ಪ್ರಾಯಕ್ಕೆ ಬಂದ ಯುವತಿಯನ್ನು ಸೂಚಿಸುತ್ತದೆ. ಕನ್ಯತ್ವವನ್ನು ಒತ್ತಿ ಹೇಳಬೇಕಾದಲ್ಲಿ ಸಾಮಾನ್ಯವಾಗಿ ಬಳಕೆಯಾಗುವುದು ‘ಬೆತೂಲಾ’. ಕ್ರಿಸ್ತಪೂರ್ವ ಕಾಲದ ಗ್ರೀಕ್ ಅನುವಾದವಾದ ಸೆಪ್ಟುವಜಿಂಟ್ ಇಲ್ಲಿ ‘ಪಾರ್ಥೆನೋಸ್’ ಎಂದಿತು. ಮತ್ತಾಯ 1:23 ಅದನ್ನೇ ಆಧರಿಸಿತು. ಮುಂದೆ ಅಕ್ವಿಲ, ಸಿಮ್ಮಾಕಸ್, ಥಿಯೊಡೋಶನ್ ಎಂಬವರ ಗ್ರೀಕ್ ಅನುವಾದಗಳು ಯುವತಿ ಎಂಬರ್ಥದ ‘ನೆಆನಿಸ್’ ಎಂಬುದನ್ನು ಬಳಸಿದವು. ಎರಡನೆಯ ಶತಮಾನದಲ್ಲಿ ಜಸ್ಟಿನ್ ಮಾರ್ಟರ್ ಬರೆದ ಟ್ರೈಫೋನೊಡನೆಯ ಸಂವಾದದಲ್ಲಿಯೇ ಈ ಜಗಳ ಕಾಣಿಸಿಕೊಂಡಿದೆ. 1952ರಲ್ಲಿ ಇಂಗ್ಲಿಷಿನ ಪರಿಷ್ಕೃತ ಅನುವಾದವೊಂದು ‘ಯುವತಿ’ ಎಂಬರ್ಥದ ಪದವನ್ನು ಬಳಸಿದಾಗ ಅಮೆರಿಕೆಯಲ್ಲಿ ಅದೇ ಜಗಳ ಮರುಕಳಿಸಿತು.

ಕನ್ನಡದ ವಾದಿ ಪ್ರತಿವಾದಿಗಳಿಬ್ಬರೂ ಈ ಜಗಳವನ್ನು ಇಂಗ್ಲಿಷಿನಿಂದ ಎತ್ತಿ ತಂದು ‘ಕನ್ಯೆ’ ಎಂಬ ಪದದ ಮೇಲೆ ಹೊರಿಸುತ್ತಾರೆ. ‘ಕನ್ಯೆ’ ಎಂದಿರುವುದರಿಂದ ಪವಾಡ ಸಿದ್ಧವಾಯಿತು ಎನ್ನುವವರು ಒಂದು ಕಡೆ; ‘ಕನ್ಯೆ’ ಎಂಬುದು ತಪ್ಪು ಅನುವಾದ, ಆದ್ದರಿಂದ ಇಡೀ ಪ್ರವಾದನೆಯೇ ಸುಳ್ಳು ಎನ್ನುವವರು ಇನ್ನೊಂದು ಕಡೆ. ಕನ್ನಡದಲ್ಲಿ ಆ ಪದದ ಬಾಳುವೆ ಎಂಥದು ಎಂಬುದನ್ನು ಇಬ್ಬರೂ ಗಮನಿಸಿಲ್ಲ. ಮದುವೆಯ ಮಾತಿನಲ್ಲಿ ‘ಕನ್ಯೆ ನೋಡಲು ಹೋಗುವುದು’, ‘ಕನ್ಯೆ ಗೊತ್ತಾಗುವುದು’ ಎಂಬಲ್ಲಿ ಅದು ಮದುವೆಯ ವಯಸ್ಸಿನ ಹುಡುಗಿ. ಉತ್ತರ ಕರ್ನಾಟಕದಲ್ಲಿ ಈ ಬಳಕೆ ದಿನನಿತ್ಯದ್ದು. ‘ಕನ್ಯಾದಾನ’ದಲ್ಲಿ ಅದು ಮಗಳು. ಇಲ್ಲೆಲ್ಲ ಪದ ಹೇಳುವುದು ಸಾಮಾಜಿಕ ಸ್ಥಿತಿಯನ್ನು. ಶರೀರದ ಸ್ಥಿತಿ ಅದರ ಹಿಂದೆ ಊಹಿತ ಅಷ್ಟೆ.

ಇದಕ್ಕಿಂತ ಬಲವಾದ ಸಾಕ್ಷ್ಯ ‘ಕಾನೀನ’ ಎಂಬ ಪದ. ಮದುವೆಯಾಗದ ಹೆಣ್ಣಿನ ಮಗನಿಗೆ ಸಲ್ಲುವ ಈ ರೂಪವನ್ನು ಪಾಣಿನಿಯು ‘ಕನ್ಯಾ’ ಶಬ್ದದಿಂದಲೇ ಸಾಧಿಸುತ್ತಾನೆ (4.1.116). ಕರ್ಣನನ್ನು ಬಲ್ಲ ಕನ್ನಡಿಗನಿಗೆ ಕನ್ಯೆಯೊಬ್ಬಳು ಹೆರುವುದು ಅರ್ಥವಾಗದ ಮಾತಲ್ಲ. ಮಗನನ್ನು ಪಡೆದ ಮೇಲೂ ಕುಂತಿ ಕನ್ಯೆಯಾಗಿಯೇ ಉಳಿಯುವ ವರವು ಮಹಾಭಾರತದಲ್ಲಿದೆ. ಅಂದರೆ ಈ ಪದಕ್ಕೆ ಕನ್ನಡದಲ್ಲಿ ಯುವತಿ, ಅವಿವಾಹಿತೆ, ಮಗಳು, ಪುರುಷಸಂಗವಿಲ್ಲದವಳು ಎಂಬ ನಾಲ್ಕು ಅರ್ಥಗಳೂ ಒಟ್ಟಿಗೆ ಇವೆ. ಗ್ರೀಕ್ ‘ಪಾರ್ಥೆನೋಸ್’ ಕೂಡ ಇಂಥದೇ ಸಡಿಲತೆಯುಳ್ಳದ್ದು. ಸೆಪ್ಟುವಜಿಂಟಿನ ಆದಿಕಾಂಡ 34:3ರಲ್ಲಿ ಬಲಾತ್ಕಾರಕ್ಕೆ ಒಳಗಾದ ದೀನಾಳನ್ನೂ ಅದೇ ಪದದಿಂದ ಕರೆಯಲಾಗಿದೆ. ಹೀಗೆ ನೋಡಿದರೆ ‘ಕನ್ಯೆ’ ಎಂಬುದು ಇಂಗ್ಲಿಷಿನ ಪದಕ್ಕಿಂತ ಮೂಲದ ಅನಿಶ್ಚಿತತೆಗೆ ಹೆಚ್ಚು ಸಮೀಪ. ‘ಕನ್ಯಾಮರಿಯಮ್ಮ’, ‘ಕನ್ಯಾಸ್ತ್ರೀ’ ಎಂಬ ಬಳಕೆಗಳ ಮೂಲಕ ಕ್ರೈಸ್ತ ಸಮುದಾಯದೊಳಗೆ ಅದರ ಅರ್ಥ ಕಿರಿದಾಯಿತು ಎಂಬುದು ನಿಜ. ಆದರೆ ಒಂದು ಸಮುದಾಯದ ಒಳನುಡಿಯಲ್ಲಿ ಆದ ಸಂಕೋಚವನ್ನು ಇಡೀ ಕನ್ನಡದ ಅರ್ಥವೆಂದು ತಿಳಿದು ಅನುವಾದಕನನ್ನು ದೂಷಿಸಲಾಗದು.

4. ಕ್ರಿಯಾಪದವಿಲ್ಲದ ವಾಕ್ಯ

ಯೆಶಾಯ 7:14ರಲ್ಲಿ ನಿಜವಾದ ಕಗ್ಗಂಟಿರುವುದು ಮುಂದಿನ ಪದದಲ್ಲಿ. ‘ಹಾರಾ’ ಎಂಬುದು ಕ್ರಿಯಾಪದವಲ್ಲ, ‘ಗರ್ಭಿಣಿ’ ಎಂಬರ್ಥದ ಗುಣವಾಚಕ. ಅದಕ್ಕೆ ಕಾಲಸೂಚನೆಯಿಲ್ಲ. ಅದರ ಬೆನ್ನಿಗೆ ಬರುವ ‘ಯೋಲೆದೆತ್’ ಹೆರುವಿಕೆಯನ್ನು ಹೇಳುವ ಕೃದಂತ. ‘ಅಲ್ಮಾ’ಕ್ಕೆ ನಿರ್ದಿಷ್ಟತಾ ಉಪಪದವೂ ಅಂಟಿದೆ, ಪ್ರವಾದಿಗೂ ಅರಸ ಆಹಾಜನಿಗೂ ಪರಿಚಿತಳಾದ ‘ಆ’ ಯುವತಿ ಎಂಬ ಓದಿಗೆ ಅದು ಎಡೆಮಾಡುತ್ತದೆ. ಆದಿಕಾಂಡ 16:11ರಲ್ಲಿ ದೇವದೂತನು ಹಾಗರಳಿಗೆ ಹೇಳುವಲ್ಲಿಯೂ ಇದೇ ಗುಣವಾಚಕವಿದೆ. ಅಲ್ಲಿ ಅವಳು ಆಗಲೇ ಗರ್ಭಿಣಿ ಎಂಬುದನ್ನು ಅದೇ ಅಧ್ಯಾಯದ 4ನೆಯ ವಚನ ತಿಳಿಸಿದೆ. ಯೆಶಾಯನ ಸಂದರ್ಭವೂ ಸಮೀಪದ್ದೇ: ಕ್ರಿಸ್ತಪೂರ್ವ 735ರ ಸುಮಾರಿಗೆ ದಮಸ್ಕ ಮತ್ತು ಸಮಾರ್ಯದ ಅರಸರು ಯೆರೂಸಲೇಮಿನ ಮೇಲೆ ಏರಿಬಂದಾಗ, ಈ ಮಗುವಿಗೆ ಒಳಿತು ಕೆಡುಕು ತಿಳಿಯುವುದರೊಳಗೆ ಆ ಇಬ್ಬರ ನಾಡೂ ಬರಿದಾಗುವುದೆಂಬುದು 16ನೆಯ ವಚನದ ಮಾತು. ದಮಸ್ಕವು 732ರಲ್ಲಿ ಅಸ್ಸೀರಿಯರ ವಶವಾಯಿತು.

ಇಂಗ್ಲಿಷಿನಲ್ಲಿ ಈ ವಾಕ್ಯಕ್ಕೆ ಅಸ್ತಿವಾಚಕ ಕ್ರಿಯಾಪದವೊಂದನ್ನು ಕೂಡಿಸಲೇಬೇಕು, ಕೂಡಿಸಿದೊಡನೆ ಕಾಲವನ್ನೂ ಆರಿಸಲೇಬೇಕು. ಕನ್ನಡಕ್ಕೆ ಈ ಬಂಧನವಿಲ್ಲ. ‘ಅವನು ಮೇಷ್ಟ್ರು’, ‘ಈ ಮನೆ ದೊಡ್ಡದು’ ಎಂಬಂತೆ ಕ್ರಿಯಾಪದವಿಲ್ಲದ ವಾಕ್ಯ ನಮ್ಮಲ್ಲಿ ಸಹಜ. ‘ಯುವತಿ ಗರ್ಭಿಣಿ’ ಎಂಬ ಎರಡು ಪದಗಳಲ್ಲಿ ಹೀಬ್ರೂವಿನ ಕಾಲರಾಹಿತ್ಯ ಹಾಗೆಯೇ ಉಳಿಯುತ್ತದೆ. ಉಪಪದವಿಲ್ಲದ ಕನ್ನಡದಲ್ಲಿ ಕರ್ತೃಸ್ಥಾನದ ಬರಿಯ ನಾಮಪದ ನಿರ್ದಿಷ್ಟವಾಗಿಯೂ ಕೇಳಿಸಬಲ್ಲುದರಿಂದ ಆ ಅಂಶಕ್ಕೂ ಭಂಗವಿಲ್ಲ. ‘ಒಬ್ಬ’ ಎಂಬ ವಿಶೇಷಣ ಸೇರಿದರೆ ಮಾತ್ರ ಅವಳು ಅಪರಿಚಿತಳಾಗಿ, ದೂರದ ಭವಿಷ್ಯದವಳಾಗಿಬಿಡುತ್ತಾಳೆ.

ಕ್ರೈಸ್ತ ಕನ್ನಡ ಗದ್ಯಕ್ಕೆ ಪ್ರಿಯವಾದ ‘ಗರ್ಭಿಣಿಯಾಗಿ’ ಎಂಬ ಕಟ್ಟು ಸಹ ಇಲ್ಲಿ ಪರೀಕ್ಷಾರ್ಹ. ‘ಅವಳು ಗರ್ಭಿಣಿಯಾಗಿ ತವರಿನಲ್ಲಿದ್ದಾಳೆ’ ಎಂಬಲ್ಲಿ ‘ಆಗಿ’ ಎಂಬುದು ಸ್ಥಿತಿಯನ್ನು ಹೇಳುತ್ತದೆ. ‘ಮದುವೆಯಾದ ವರ್ಷವೇ ಗರ್ಭಿಣಿಯಾಗಿ ಮಗನನ್ನು ಹೆತ್ತಳು’ ಎಂಬಲ್ಲಿ ಸ್ಥಿತಿಯ ಆರಂಭವನ್ನು ಹೇಳುತ್ತದೆ. ರೂಪ ಒಂದೇ, ಅರ್ಥ ಎರಡು. ಈ ‘ಆಗಿ’ಗೆ ಸ್ವಂತ ಕಾಲವಿಲ್ಲ, ವಾಕ್ಯದ ಕೊನೆಯ ಪೂರ್ಣಕ್ರಿಯೆಯ ಕಾಲವನ್ನೇ ಅದು ಎರವಲು ಪಡೆಯುತ್ತದೆ. ಕೊನೆಗೆ ‘ಹೆರುವಳು’ ಎಂಬ ಭವಿಷ್ಯದ್ರೂಪ ಬಂದರೆ ಗರ್ಭಧಾರಣೆಯೂ ಭವಿಷ್ಯಕ್ಕೆ ಜಾರುತ್ತದೆ. ಹೀಗೆ ಕ್ರೈಸ್ತ ಓದು ಇಲ್ಲಿ ನಿಂತಿರುವುದು ‘ಕನ್ಯೆ’ ಎಂಬ ಪದಕ್ಕಿಂತ ಹೆಚ್ಚಾಗಿ ‘ಆಗಿ’ ಎಂಬ ಎರಡಕ್ಷರದ ಮೇಲೆ. ಅದನ್ನು ಮಾತ್ರ ಯಾರೂ ವಿವಾದಕ್ಕೆ ಎಳೆದಿಲ್ಲ.

5. ಬಾರದವನು ‘ಬಂದೆ’ ಎನ್ನುವುದು

ಯೆಶಾಯ 9:6ರಲ್ಲಿ, ಹೀಬ್ರೂ ಎಣಿಕೆಯಂತೆ 9:5ರಲ್ಲಿ, ತೊಡಕು ಇದಕ್ಕೆ ವಿರುದ್ಧವಾದದ್ದು. ಮಗು ಹುಟ್ಟಿರುವುದನ್ನು ಹೇಳುವ ‘ಯುಲ್ಲದ್’ ಎಂಬುದು ಪೂರ್ಣಗೊಂಡ ಕ್ರಿಯೆಯ ರೂಪ. ರಾಶಿಯಂಥ ಯೆಹೂದ್ಯ ವ್ಯಾಖ್ಯಾನಕಾರರು ಈ ಮಗುವನ್ನು ಆಹಾಜನ ಮಗ ಹಿಜ್ಕೀಯನೆಂದರು. ಕ್ರೈಸ್ತ ಪರಂಪರೆ ಯೇಸುವೆಂದಿತು. ಎರಡನೆಯ ಓದಿಗೆ ಭೂತರೂಪ ಅಡ್ಡಬರುವುದೆಂದು ತೋರಿದ್ದರಿಂದ ವ್ಯಾಕರಣಕಾರರು ಅದನ್ನು ‘ಪ್ರವಾದನಾ ಪೂರ್ಣರೂಪ’ ಎಂದು ಕರೆದರು: ಮುಂದಾಗುವುದು ಎಷ್ಟು ನಿಶ್ಚಿತವೆಂದರೆ ಆಗಿಹೋಗಿದೆ ಎಂಬಂತೆ ನುಡಿಯುವ ರೂಪ.

ಇದು ಸಮರ್ಥನೆಗಾಗಿ ಹೊಸೆದ ಹೆಸರೆಂದು ಅಣಕಿಸುವವರಿದ್ದಾರೆ. ಕನ್ನಡಿಗರು ಅಣಕಿಸುವ ಮುನ್ನ ತಮ್ಮ ಮನೆಯ ಮಾತನ್ನು ಕೇಳಿಸಿಕೊಳ್ಳಬೇಕು. ಹಿತ್ತಲಿನಿಂದ ಕರೆದರೆ ಕೋಣೆಯಲ್ಲಿ ಕುಳಿತೇ ‘ಬಂದೆ, ಬಂದೆ’ ಎನ್ನುತ್ತೇವೆ, ಇನ್ನೂ ಎದ್ದಿರುವುದಿಲ್ಲ. ‘ಅವನ ಕೈಗೆ ಸಿಕ್ಕರೆ ನೀನು ಕೆಟ್ಟೆ’ ಎನ್ನುತ್ತೇವೆ; ಇನ್ನೂ ಸಿಕ್ಕಿರುವುದಿಲ್ಲ. ನಿಶ್ಚಿತ ಭವಿಷ್ಯಕ್ಕೆ ಭೂತರೂಪವನ್ನು ಬಳಸುವುದು ಕನ್ನಡದ ಜೀವಂತ ಲಕ್ಷಣ. ಆದುದರಿಂದ ಕ್ರೈಸ್ತ ಓದನ್ನು ಒಪ್ಪುವ ಅನುವಾದಕನೂ ಇಲ್ಲಿ ಭವಿಷ್ಯದ್ರೂಪಕ್ಕೆ ಓಡಬೇಕಾಗಿಲ್ಲ. ‘ಹುಟ್ಟಿದನು’ ಎಂದರೆ ಹಿಜ್ಕೀಯನ ಓದೂ ಉಳಿಯುತ್ತದೆ, ನಿಶ್ಚಯದ ಓದೂ ಉಳಿಯುತ್ತದೆ. ‘ಹುಟ್ಟುವನು’ ಎಂದರೆ ಒಂದೇ ಉಳಿಯುತ್ತದೆ. ಹಾಗೆಂದು, ಪ್ರವಾದನೆಯಲ್ಲಿ ಕಾಣುವ ಎಲ್ಲ ಪೂರ್ಣರೂಪಗಳಿಗೂ ಈ ಹೆಸರನ್ನು ಕೀಲಿಕೈಯಂತೆ ತಿರುಗಿಸುವುದೂ ಸಲ್ಲದು. ‘ಬಂದೆ’ ಎಂಬುದು ಎಲ್ಲಿ ನಿಶ್ಚಯ, ಎಲ್ಲಿ ನಿಜವಾದ ಭೂತ ಎಂಬುದನ್ನು ನಾವು ಸಂದರ್ಭದಿಂದಲೇ ತಿಳಿಯುತ್ತೇವೆ. ಹೀಬ್ರೂವಿಗೂ ಅದೇ ನಿಯಮ.

6. ಸಂತಾನದ ಲಿಂಗ

ಆದಿಕಾಂಡ 3:15ರಲ್ಲಿ ಸ್ತ್ರೀಯ ಸಂತಾನಕ್ಕೂ ಸರ್ಪದ ಸಂತಾನಕ್ಕೂ ಹಗೆ ಉಂಟಾಗುವ ಮಾತಿದೆ. ಎರಡನೆಯ ಶತಮಾನದ ಐರೇನಿಯಸ್‌ನಿಂದ ಮೊದಲ್ಗೊಂಡು ಕ್ರೈಸ್ತ ವ್ಯಾಖ್ಯಾನಕಾರರು ಇದನ್ನು ಯೇಸುವಿಗೆ ಅನ್ವಯಿಸಿದ್ದಾರೆ. ಹೀಬ್ರೂವಿನ ‘ಜೆರ’ ವ್ಯಾಕರಣದ ಪ್ರಕಾರ ಪುಲ್ಲಿಂಗ ಏಕವಚನ. ಅರ್ಥದಲ್ಲಿ ಅದು ಒಬ್ಬನೂ ಆಗಬಹುದು, ಇಡೀ ಪೀಳಿಗೆಯೂ ಆಗಬಹುದು. ಅದಕ್ಕೆ ಅನ್ವಯಿಸುವ ‘ಹೂ’ ಎಂಬ ಸರ್ವನಾಮವೂ ಹಾಗೆಯೇ. ಗ್ರೀಕಿನಲ್ಲಿ ಸಂತಾನಕ್ಕೆ ಬಳಸಿದ ಪದ ನಪುಂಸಕ. ಆದರೂ ಸೆಪ್ಟುವಜಿಂಟ್ ಪುಲ್ಲಿಂಗ ಸರ್ವನಾಮವನ್ನೇ ಇಟ್ಟಿತು. ಲ್ಯಾಟಿನ್ ವಲ್ಗೇಟ್ ‘ಇಪ್ಸ’ ಎಂಬ ಸ್ತ್ರೀಲಿಂಗ ರೂಪವನ್ನು ಬಳಸಿತು. ಪಾದದಡಿ ಹಾವನ್ನು ಮೆಟ್ಟಿನಿಂತ ಮರಿಯಮ್ಮನ ಪ್ರತಿಮೆಯನ್ನು ಕಂಡವರು, ಒಂದು ಸರ್ವನಾಮದ ಲಿಂಗಕ್ಕೆ ಶಿಲ್ಪವನ್ನೂ ರೂಪಿಸುವ ಶಕ್ತಿಯಿದೆ ಎಂಬುದನ್ನು ಅಲ್ಲಿ ಕಾಣಬಹುದು.

ಕನ್ನಡದಲ್ಲಿ ಲಿಂಗವು ಅರ್ಥಾಧಾರಿತ. ‘ಸಂತಾನ’ವನ್ನು ‘ಅದು’ ಎಂದರೆ ಸಮೂಹ, ‘ಅವನು’ ಎಂದರೆ ಒಬ್ಬ ಗಂಡಸು, ‘ಅವರು’ ಎಂದರೆ ಮಕ್ಕಳುಮರಿ. ಸರ್ವನಾಮವನ್ನು ಬಿಟ್ಟರೂ ಬಿಡುಗಡೆಯಿಲ್ಲ. ಕ್ರಿಯಾಪದದ ಕೊನೆಯ ‘ಅನು’, ‘ಅಳು’, ‘ಅರು’, ‘ಉದು’ ಗುಟ್ಟನ್ನು ರಟ್ಟುಮಾಡುತ್ತವೆ. ಇಲ್ಲಿ ಅನುವಾದಕನು ಆರಿಸಲೇಬೇಕು. ಆರಿಸಿದ್ದಕ್ಕಾಗಿ ಅವನನ್ನು ದೂಷಿಸುವುದು ಅನ್ಯಾಯ. ಆರಿಸಿದ್ದೇನೆ ಎಂಬುದನ್ನು ಅಡಿಟಿಪ್ಪಣಿಯಲ್ಲಿ ತಿಳಿಸದಿದ್ದರೆ ಮಾತ್ರ ದೋಷ. ಪೌಲನು ಗಲಾತ್ಯ 3:16ರಲ್ಲಿ ಅಬ್ರಹಾಮನಿಗಾದ ವಾಗ್ದಾನದ ‘ಸಂತಾನ’ವು ಏಕವಚನದಲ್ಲಿದೆ, ಬಹುವಚನದಲ್ಲಿಲ್ಲ ಎಂದು ಹೂಡುವ ವಾದವೂ ಕನ್ನಡದಲ್ಲಿ ಕುಂಟುತ್ತದೆ, ‘ಸಂತಾನಗಳು’ ಎಂದು ನಾವು ಸಾಮಾನ್ಯವಾಗಿ ಹೇಳುವುದೇ ಇಲ್ಲ. ಹೇಳದ ರೂಪದೊಡನೆ ಹೋಲಿಸಿ ಹೇಳಿದ ರೂಪಕ್ಕೆ ಬಲ ತುಂಬುವುದು ಹೇಗೆ?

7. ಕಂಚುಕಿಯ ಪ್ರಶ್ನೆ ಮತ್ತು ‘ಆತನು’

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅಪೊಸ್ತಲರ ಕೃತ್ಯಗಳು 8ನೆಯ ಅಧ್ಯಾಯದಲ್ಲಿ ಐಥಿಯೋಪ್ಯದ ಕಂಚುಕಿಯೊಬ್ಬನು ರಥದಲ್ಲಿ ಕುಳಿತು ಯೆಶಾಯನ 53ನೆಯ ಅಧ್ಯಾಯವನ್ನು ಓದುತ್ತಿರುತ್ತಾನೆ. ಎದುರಾದ ಫಿಲಿಪ್ಪನನ್ನು ಅವನು ಕೇಳುವುದು ಒಂದೇ ವಿಷಯ: ಪ್ರವಾದಿಯು ಇದನ್ನು ತನ್ನ ಕುರಿತು ಹೇಳಿದನೋ ಬೇರೊಬ್ಬನ ಕುರಿತೋ? ಫಿಲಿಪ್ಪನು ಆ ಮಾತಿನಿಂದಲೇ ಆರಂಭಿಸಿ ಯೇಸುವಿನ ಸುವಾರ್ತೆಯನ್ನು ತಿಳಿಸುತ್ತಾನೆ. ಕ್ರೈಸ್ತ ಓದಿನ ಅತ್ಯಂತ ಹಳೆಯ ಚಿತ್ರಗಳಲ್ಲಿ ಇದೊಂದು. ಅದು ಹುಟ್ಟಿದ್ದು ಒಂದು ಪ್ರಾಮಾಣಿಕ ಸಂದೇಹದಿಂದ ಎಂಬುದು ಗಮನಾರ್ಹ.

ಯೆಶಾಯನಲ್ಲಿ ‘ಸೇವಕ’ ಯಾರು ಎಂಬುದು ತೆರೆದ ಪ್ರಶ್ನೆಯೇ. 41:8, 44:1, 49:3ರಲ್ಲಿ ಸೇವಕನೆಂದರೆ ಇಸ್ರಾಯೇಲ್ ಎಂದು ನೇರವಾಗಿ ಹೇಳಿದೆ. ರಾಶಿಯಾದಿಯಾಗಿ ಯೆಹೂದ್ಯ ವ್ಯಾಖ್ಯಾನ ಇದನ್ನೇ ಹಿಡಿದು 53ನ್ನು ನೊಂದ ಜನಾಂಗದ ಚಿತ್ರವಾಗಿ ಓದಿತು. 49:5ರಲ್ಲಾದರೋ ಸೇವಕನು ಇಸ್ರಾಯೇಲನ್ನು ಮರಳಿ ತರುವವನು. ಅಲ್ಲಿ ಅವನು ಜನಾಂಗದಿಂದ ಬೇರೆಯಾಗಿ ಕಾಣುತ್ತಾನೆ. ಎರಡೂ ಓದಿಗೆ ಪಠ್ಯದಲ್ಲೇ ಆಧಾರವಿದೆ.

ಪ್ರಚಲಿತ ಕ್ರೈಸ್ತ ಕನ್ನಡದಲ್ಲಿ ‘ಆತನು’ ಎಂಬುದು ಬಹುಮಟ್ಟಿಗೆ ದೇವರಿಗೂ ಯೇಸುವಿಗೂ ಮೀಸಲಾದ ಸರ್ವನಾಮ. ಹಳಗನ್ನಡದಲ್ಲಿ ‘ಆತಂ’ ಎಂಬುದಕ್ಕೆ ಈ ವಿಶೇಷ ಗೌರವವಿರಲಿಲ್ಲ. ಇಂದಿಗೂ ಹಲವು ಪ್ರದೇಶಗಳಲ್ಲಿ ‘ಆತ’ ಎಂದರೆ ಪರಿಚಯವಿಲ್ಲದ ಯಾವನೋ ಗೃಹಸ್ಥ. 1831ರಲ್ಲಿ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಅವರ ದುಡಿಮೆಯಿಂದ ಪೂರ್ಣಗೊಂಡ ಕನ್ನಡ ಬೈಬಲಿನಿಂದ ಮೊದಲ್ಗೊಂಡು, ಬಾಸೆಲ್ ಮಿಷನ್ನಿನ ವೈಗ್ಲೆ ಮುಂತಾದವರ ಪರಿಷ್ಕರಣೆಗಳನ್ನು ದಾಟಿ ಬಂದ ದೀರ್ಘ ಪರಂಪರೆಯೇ ಈ ಪದಕ್ಕೆ ಈ ಆವರಣವನ್ನು ಕಟ್ಟಿತು. ಆರಾಧನೆಯ ಭಾಷೆಗೆ ಇಂಥ ಮೀಸಲು ಪದ ಬೇಕು. ಅದನ್ನು ಕಟ್ಟಿದ್ದು ದೊಡ್ಡ ಭಾಷಿಕ ಸಾಧನೆ. ಆದರೆ ಈ ಮೀಸಲು ಪದ ಯೆಶಾಯ 53ರೊಳಗೆ ಕಾಲಿಟ್ಟ ಕ್ಷಣ ಕಂಚುಕಿಯ ಪ್ರಶ್ನೆಯೇ ಇಲ್ಲವಾಗುತ್ತದೆ. ‘ಆತನು’ ಎಂದು ಓದಿದವನು ‘ಯಾರ ಕುರಿತು?’ ಎಂದು ಏಕೆ ಕೇಳಿಯಾನು? ಫಿಲಿಪ್ಪನಿಗೆ ಹೇಳಲು ಏನು ಉಳಿದೀತು?

‘ಅವನು’ ಎಂದರೆ ಅಗೌರವವಾಗುವುದಿಲ್ಲವೇ ಎಂಬ ಆಕ್ಷೇಪ ಸಹಜ. ಅದಕ್ಕೆ ಎರಡು ಉತ್ತರಗಳಿವೆ. ಮೊದಲನೆಯದು, ‘ಎಲ್ಲ ಅವನ ಇಚ್ಛೆ’ ಎಂದು ದೇವರ ಬಗ್ಗೆ ಏಕವಚನದಲ್ಲಿ ಮಾತನಾಡುವುದು ಕನ್ನಡಿಗರ ನಿತ್ಯದ ರೂಢಿ. ಭಕ್ತಿಯ ಸಲಿಗೆಯಲ್ಲಿ ಏಕವಚನ ಅವಮಾನವಲ್ಲ. ಎರಡನೆಯದು, ವ್ಯಾಕರಣದ್ದು. ‘ಅವನು’, ‘ಆತನು’ ಎರಡಕ್ಕೂ ಕ್ರಿಯಾಪದದಲ್ಲಿ ಒಂದೇ ಪ್ರತ್ಯಯ: ‘ಹೊತ್ತನು’, ‘ಸಹಿಸಿದನು’. ಕನ್ನಡದಲ್ಲಿ ಕರ್ತೃಪದವನ್ನು ಬಿಡುವುದು ಸಹಜವಾದ್ದರಿಂದ ಸರ್ವನಾಮವನ್ನೇ ಕೈಬಿಟ್ಟು ಕ್ರಿಯಾಪದವನ್ನಷ್ಟೇ ಉಳಿಸಿದರೆ ಸೇವಕನು ಯಾರೆಂಬುದು ಮುಚ್ಚಿಹೋಗುವುದಿಲ್ಲ. ಸಂತಾನದ ಲಿಂಗದಲ್ಲಿ ನಮ್ಮ 손ಕಟ್ಟಿದ ಅದೇ ಪ್ರತ್ಯಯ ವ್ಯವಸ್ಥೆ ಗೌರವದ ವಿಷಯದಲ್ಲಿ ದಾರಿ ತೆರೆದುಕೊಡುತ್ತದೆ.

8. ಆಕ್ಷೇಪಗಳು

ಧರ್ಮಗ್ರಂಥದ ಅನುವಾದವು ಅದನ್ನು ನಂಬುವ ಸಮುದಾಯಕ್ಕಾಗಿ. ಯೆಶಾಯನಿಗೂ ಮತ್ತಾಯನಿಗೂ ಹೊಂದಿಕೆಯಿರಬೇಕು ಎಂಬುದು ಒಂದು ವಾದ. ಮತ್ತಾಯ 1:23ರ ಗ್ರೀಕಿಗೆ ‘ಕನ್ಯೆ’ ಎಂಬುದು ತಕ್ಕ ಪದವೇ. ಆದರೆ ಅದರೊಡನೆ ಹೊಂದಿಸಲೆಂದು ಯೆಶಾಯನ ವಾಕ್ಯವನ್ನು ತಿದ್ದಿದರೆ ನಷ್ಟವಾಗುವುದು ಮತ್ತಾಯನಿಗೇ. ಹಳೆಯ ಮಾತಿನಲ್ಲಿ ಹೊಸದನ್ನು ಕಂಡ ಅವನ ಕಾಣ್ಕೆ, ಮೊದಲೇ ಬರೆದಿಟ್ಟದ್ದರ ನಕಲಾಗಿಬಿಡುತ್ತದೆ. ರೋಮಿನ ಬೈಬಲ್ ಆಯೋಗವು 2001ರಲ್ಲಿ ಪ್ರಕಟಿಸಿದ ದಾಖಲೆಯು ಹೀಬ್ರೂ ಗ್ರಂಥದ ಯೆಹೂದ್ಯ ಓದು ಸಹ ಸಾಧ್ಯವಾದ ಓದೆಂದೂ, ಕ್ರೈಸ್ತ ಓದು ಯೇಸುವಿನ ಬೆಳಕಿನಲ್ಲಿ ಹಿನ್ನೋಟವಾಗಿ ಮೂಡಿದ್ದೆಂದೂ ಒಪ್ಪಿಕೊಂಡಿದೆ. ಇಲ್ಲಿನ ವಾದ ಕ್ರೈಸ್ತ ಚಿಂತನೆಗೆ ಹೊರಗಿನದಲ್ಲ.

ಗಟ್ಟಿಯಾಗಿ ಓದುವಾಗ ಅಡಿಟಿಪ್ಪಣಿ ಕೇಳಿಸುವುದಿಲ್ಲ ಎಂಬುದು ಇನ್ನೊಂದು ಆಕ್ಷೇಪ; ಇದು ತೂಕವುಳ್ಳದ್ದು. ಆದರೆ ಮೇಲೆ ಸೂಚಿಸಿದ ಕ್ರಿಯಾರಹಿತ ವಾಕ್ಯ, ಸರ್ವನಾಮಲೋಪ, ನಿಶ್ಚಯದ ಭೂತರೂಪ ಈ ಮೂರೂ ಕಿವಿಗೆ ಕೇಳಿಸುವ ಉಪಾಯಗಳು. ಅಡಿಟಿಪ್ಪಣಿ ಅನಿವಾರ್ಯವಾದದ್ದು ಆದಿಕಾಂಡ 3:15ರಂಥ ಕೆಲವೇ ಕಡೆ.

‘ಅಭಿಷಿಕ್ತ’ ಎಂಬ ಪದದ ಬಗ್ಗೆಯೂ ಒಂದು ಮಾತು. ಹೀಬ್ರೂವಿನಲ್ಲಿ ‘ಮಾಶೀಅಹ್’ ಅರಸರಿಗೂ ಯಾಜಕರಿಗೂ ಸಲ್ಲುತ್ತದೆ. ಯೆಶಾಯ 45:1ರಲ್ಲಿ ಅನ್ಯಧರ್ಮೀಯನಾದ ಪಾರಸಿಯ ಅರಸ ಕೋರೆಷನಿಗೂ ಸಂದಿದೆ. ಪಟ್ಟಾಭಿಷೇಕವನ್ನೂ ಪೀಠಾರೋಹಣವನ್ನೂ ಕಂಡುಬಲ್ಲ ಬಾಳೆಹೊನ್ನೂರಿನಂಥ ಊರಿನ ಓದುಗನಿಗೆ ‘ಅಭಿಷಿಕ್ತ’ ಎಂಬುದು ಒಂದು ಸ್ಥಾನದ ಹೆಸರಾಗಿ ತಟ್ಟನೆ ತಿಳಿಯುತ್ತದೆ. ಕೆಲವೆಡೆ ‘ಅಭಿಷಿಕ್ತ’, ಕೆಲವೆಡೆ ‘ಮೆಸ್ಸೀಯ’ ಎಂದು ಒಂದೇ ಮೂಲಪದವನ್ನು ಎರಡಾಗಿ ಒಡೆದರೆ, ಯಾವುದು ಯೇಸುವಿನ ಕುರಿತು ಎಂಬುದನ್ನು ಓದುಗನ ಪರವಾಗಿ ಅನುವಾದಕನೇ ಗುರುತುಹಾಕಿ ಕೊಟ್ಟಂತಾಗುತ್ತದೆ.

9. ಉಪಸಂಹಾರ

ಮೆಸ್ಸೀಯ ಪ್ರವಾದನೆಗಳ ಚರ್ಚೆ ಕನ್ನಡದಲ್ಲಿ ಇಷ್ಟು ಕಾಲ ನಾಮಪದಗಳ ಸುತ್ತಲೇ ಗಿರಕಿಹೊಡೆದಿದೆ. ನಂಬಿಕೆಯು ಕನ್ನಡದಲ್ಲಿ ನೆಲೆಯಾಗಿರುವುದು ‘ಆಗಿ’, ‘ಉವ’, ‘ಒಬ್ಬ’, ‘ಆತನು’ ಎಂಬಂಥ, ಯಾರ ಗಮನಕ್ಕೂ ಬಾರದ ಸಣ್ಣ ರೂಪಗಳಲ್ಲಿ. ಲಿಂಗದ ವಿಷಯದಲ್ಲಿ ಕನ್ನಡ ಮೂಲಕ್ಕಿಂತ ಬಿಗಿ. ಕಾಲ, ನಿರ್ದಿಷ್ಟತೆ, ಗೌರವಗಳ ವಿಷಯದಲ್ಲಿ, ಬಳಸಬಲ್ಲವರಿಗೆ, ಇಂಗ್ಲಿಷಿಗಿಂತ ಸಡಿಲ. ಈ ಸಡಿಲತೆಯನ್ನು ನಾವು ಬಳಸಿಕೊಂಡದ್ದು ಕಡಿಮೆ.

ಪ್ರಶ್ನೆ ಕೇಳಿದ ವಿದ್ಯಾರ್ಥಿನಿಗೆ ಕೊಡಬಹುದಾದ ಉತ್ತರ ಇಷ್ಟು: ‘ಆತನು’ ಬಂದದ್ದು ಹೀಬ್ರೂವಿನಿಂದಲ್ಲ, ಎರಡು ಶತಮಾನಗಳ ಕನ್ನಡ ಪ್ರಾರ್ಥನೆಯಿಂದ. ಪ್ರಾರ್ಥನೆಯಲ್ಲಿ ಆ ಪದ ಸಲ್ಲುತ್ತದೆ. ಯೆಶಾಯನ ಪುಟದಲ್ಲಿ ಮಾತ್ರ ಅದು ಕಂಚುಕಿಯು ತನ್ನ ಪ್ರಶ್ನೆಯನ್ನು ಕೇಳಿ ಮುಗಿಸುವವರೆಗೆ ಹೊರಗೆ ಕಾಯಬೇಕು.